ಮಕ್ಕಳು ಕಂಡ ಚುಕ್ಕಿಗೆ ಊರಿನ ಹೆಸರು ಇಡಬಹುದೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನಮ್ಮ ಒಂಬತ್ತನೇ ತರಗತಿಯ ನಾಲ್ವರು ಹುಡುಗಿಯರು ಕ್ಷುದ್ರಗ್ರಹ ಹುಡುಕುವ ಒಂದು ತಿಂಗಳ ಅಂತರರಾಷ್ಟ್ರೀಯ ಅಭಿಯಾನದಲ್ಲಿ ಸೇರಿ, ಹವಾಯಿಯ ಟೆಲಿಸ್ಕೋಪಿನ ಚಿತ್ರಗಳಲ್ಲಿ ಎರಡು ಹೊಸ ಚುಕ್ಕಿಗಳನ್ನು ಗುರುತಿಸಿದರು. ಅಭಿಯಾನದವರು ಕಳಿಸಿದ ಪಟ್ಟಿಯಲ್ಲಿ ಅವುಗಳ ಮುಂದೆ ‘ಪ್ರಿಲಿಮಿನರಿ’ ಎಂದಿದೆ. ಅಷ್ಟರಲ್ಲೇ ‘ಚಳ್ಳಕೆರೆ ಬಾಲಕಿಯರಿಂದ ಹೊಸ ಗ್ರಹ ಪತ್ತೆ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಎಸ್‌ಡಿಎಂಸಿಯವರು ಸನ್ಮಾನ ಇಟ್ಟುಕೊಂಡಿದ್ದಾರೆ. ಒಂದಕ್ಕೆ ಊರಿನ ಹೆಸರು, ಇನ್ನೊಂದಕ್ಕೆ ಶಾಲೆಗೆ ಜಾಗ ಕೊಟ್ಟ ಮಾಜಿ ಶಾಸಕರ ಹೆಸರು ಇಡಬೇಕಂತೆ. ಯಾರೋ ಫೋನ್ ಮಾಡಿ, ಆರೂವರೆ ಸಾವಿರ ಕಟ್ಟಿದರೆ ಹೆಸರಿನ ಸರ್ಟಿಫಿಕೇಟ್ ಕೊಡಿಸುತ್ತೇವೆ ಎಂದರು. ಒಬ್ಬ ಹುಡುಗಿಯ ಅಜ್ಜಿ ‘ಕ್ಷುದ್ರ’ ಅನ್ನುವ ಮಾತು ಕೇಳಿಯೇ ಹೆದರಿ, ಅದು ಭೂಮಿಗೆ ಬಡಿಯುತ್ತದಾ ಅಂತ ಕೇಳುತ್ತಿದ್ದಾರೆ. ಹೆಸರು ಇಡುವುದು ಹೇಗೆ, ಯಾವಾಗ? ಶಾಲೆಯಲ್ಲಿ ದಾನಿಗಳು ಕೊಟ್ಟ ಎಂಟು ಇಂಚಿನ ಟೆಲಿಸ್ಕೋಪ್ ಇದೆ. ಅದರಲ್ಲೇ ಮಕ್ಕಳು ಕ್ಷುದ್ರಗ್ರಹ ಹುಡುಕಬಹುದೇ? ಫ್ಲೆಕ್ಸ್‌ನಲ್ಲಿ ಏನಂತ ಬರೆಸಲಿ?

ಉತ್ತರ: ಮೇಷ್ಟ್ರೇ, ಆ ಫೋನ್ ಮಾಡಿದವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಅವಸರ ಬೇಕಾದ ಮಾತು ಇದೊಂದೇ. ಮಿಕ್ಕಿದ್ದನ್ನು ಸಾವಕಾಶವಾಗಿ ನೋಡೋಣ.

ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಚುಕ್ಕಿ ಕಣ್ಣಿಗೆ ಬಿದ್ದದ್ದು ಒಂದು, ಅದು ಹೊಸದೆಂದು ರುಜುವಾತಾಗುವುದು ಇನ್ನೊಂದು, ಹೆಸರು ಸಿಗುವುದು ಮತ್ತೊಂದು. ಇವುಗಳ ನಡುವೆ ವರ್ಷಗಳ ಅಂತರ ಇದೆ. ನಿಮ್ಮ ಹುಡುಗಿಯರು ಮೊದಲ ಮೆಟ್ಟಿಲು ಹತ್ತಿದ್ದಾರೆ, ಅದೇನೂ ಸಣ್ಣ ಕೆಲಸವಲ್ಲ. ಆದರೆ ಕ್ಷುದ್ರಗ್ರಹದ ಮಟ್ಟಿಗೆ ಪತ್ತೆ ಅಂದರೆ ಅದು ಓಡಾಡುವ ದಾರಿ ತಿಳಿಯುವುದು. ದಾರಿ ತಿಳಿಯದಿದ್ದರೆ ಎರಡು ವರ್ಷದ ಮೇಲೆ ಆಕಾಶದಲ್ಲಿ ಬೊಟ್ಟು ಮಾಡಿ ‘ಇದೇ ಅದು’ ಎಂದು ಯಾರೂ ತೋರಿಸಲಾರರು. ಹಾಗೆ ತೋರಿಸಲಾಗದ ವಸ್ತುವಿಗೆ ಹೆಸರಿಟ್ಟು ಏನು ಪ್ರಯೋಜನ? ಕಕ್ಷೆ ಗಟ್ಟಿಯಾಗುವವರೆಗೆ ಹೆಸರಿನ ಮಾತೇ ಇಲ್ಲ ಎನ್ನುವ ನಿಯಮ ಹುಟ್ಟಿದ್ದು ಇದರಿಂದಲೇ.

ಅಜ್ಜಿಯ ಹೆದರಿಕೆ

ಇದನ್ನು ಮೊದಲು ತೀರಿಸಿಬಿಡೋಣ. ಸಂಸ್ಕೃತದಲ್ಲಿ ಕ್ಷುದ್ರ ಅಂದರೆ ಚಿಕ್ಕದು ಅನ್ನುವ ಅರ್ಥವೂ ಇದೆ. ಕ್ಷುದ್ರಗ್ರಹ ಅಂದರೆ ಚಿಕ್ಕ ಗ್ರಹ, ಅಷ್ಟೇ. ಕ್ಷುದ್ರಶಕ್ತಿ, ಕ್ಷುದ್ರಪೂಜೆ ಅಂತ ಊರಲ್ಲಿ ಆಡುವ ಮಾತಿಗೂ ಇದಕ್ಕೂ ನಂಟಿಲ್ಲ. ಮನೆಯಲ್ಲಿ ಹೇಳುವಾಗ ‘ಕಿರುಗ್ರಹ’ ಅನ್ನಲು ಹುಡುಗಿಗೆ ಹೇಳಿಕೊಡಿ, ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಉಳಿದರ್ಧಕ್ಕೆ ಲೆಕ್ಕ ಇದೆ. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ ಸುಮಾರು 15 ಕೋಟಿ ಕಿಲೋಮೀಟರ್. ಇದನ್ನು ಒಂದು ಖಗೋಳಮಾನ ಅನ್ನುತ್ತೇವೆ. ಮಂಗಳ ಮತ್ತು ಗುರುವಿನ ಮಧ್ಯೆ ಇರುವ ಕ್ಷುದ್ರಗ್ರಹಗಳ ಮುಖ್ಯ ಪಟ್ಟಿ (ಬೆಲ್ಟ್) ಸೂರ್ಯನಿಂದ ಹೆಚ್ಚೂಕಮ್ಮಿ 2.1ರಿಂದ 3.3 ಖಗೋಳಮಾನ ದೂರದಲ್ಲಿದೆ. ಅಲ್ಲಿಯ ಕಲ್ಲುಗಳು ಭೂಮಿಯ ದಾರಿಯಿಂದ ಕೋಟಿಗಟ್ಟಲೆ ಕಿಲೋಮೀಟರ್ ಆಚೆಯೇ ಸುತ್ತಿಕೊಂಡಿರುತ್ತವೆ. ಸೂರ್ಯನ ಕಡೆಗೆ 1.3 ಖಗೋಳಮಾನಕ್ಕಿಂತ ಹತ್ತಿರ ಬರುವಂಥವು ಬೇರೆ ಗುಂಪು. ಅವುಗಳಿಗೆ ಪ್ರತ್ಯೇಕ ಪಟ್ಟಿ, ಪ್ರತ್ಯೇಕ ಕಾವಲು ಇದೆ. ನಿಮ್ಮ ಹುಡುಗಿಯರ ಚುಕ್ಕಿ ಯಾವ ಗುಂಪಿನದು ಅನ್ನುವುದಕ್ಕೆ ಒಂದು ಸುಳಿವು ಅವರ ವರದಿಯಲ್ಲೇ ಸಿಗುತ್ತದೆ. ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವಾಗ ಮುಖ್ಯ ಪಟ್ಟಿಯ ವಸ್ತು ನಿಮಿಷಕ್ಕೆ ಅರ್ಧ ಆರ್ಕ್‌ಸೆಕೆಂಡಿನ ಆಸುಪಾಸು ಸರಿಯುತ್ತದೆ. ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ. ಭೂಮಿಗೆ ಹತ್ತಿರ ಬಂದದ್ದು ಸಾಮಾನ್ಯವಾಗಿ ಇದಕ್ಕಿಂತ ಬಹಳ ಬಿರುಸಾಗಿ ಓಡುತ್ತದೆ. ಅಂಥದ್ದು ಕಂಡಿದ್ದರೆ ಪ್ರಪಂಚದ ದೊಡ್ಡ ಟೆಲಿಸ್ಕೋಪುಗಳು ಅದೇ ರಾತ್ರಿ ಅದರ ಹಿಂದೆ ಬಿದ್ದಿರುತ್ತಿದ್ದವು.

ಹುಡುಗಿಯರು ನಿಜಕ್ಕೂ ಮಾಡಿದ್ದೇನು

ನಿಮ್ಮ ವಿವರಣೆ ನೋಡಿದರೆ ಇದು ಐಎಎಸ್‌ಸಿ (ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲ್ಯಾಬರೇಶನ್) ಮಾದರಿಯ ಅಭಿಯಾನ. ಹವಾಯಿಯ ಹಲೆಯಾಕಲಾ ಬೆಟ್ಟದ ಮೇಲಿರುವ ಪ್ಯಾನ್‌ಸ್ಟಾರ್ಸ್ ಸಮೀಕ್ಷೆಯ 1.8 ಮೀಟರ್ ಟೆಲಿಸ್ಕೋಪು ಆಕಾಶದ ಒಂದೇ ತುಣುಕನ್ನು ಸುಮಾರು ಒಂದು ಗಂಟೆಯ ಅವಧಿಯಲ್ಲಿ ನಾಲ್ಕು ಸಲ ಚಿತ್ರ ತೆಗೆಯುತ್ತದೆ. ಆ ನಾಲ್ಕನ್ನು ಆಸ್ಟ್ರೋಮೆಟ್ರಿಕಾ ತಂತ್ರಾಂಶದಲ್ಲಿ ತೆರೆದು, ನಕ್ಷತ್ರಪಟ್ಟಿಗೆ ಹೊಂದಿಸಿ, ಒಂದರ ಮೇಲೊಂದು ಮಿಟುಕಿಸುತ್ತಾರೆ. ನಕ್ಷತ್ರಗಳೆಲ್ಲ ಮೊಳೆ ಹೊಡೆದಂತೆ ಇದ್ದಲ್ಲೇ ಇರುತ್ತವೆ. ಒಂದು ಮಾಸಲು ಚುಕ್ಕಿ ಮಾತ್ರ ಒಂದೇ ಅಳತೆಯ ಹೆಜ್ಜೆ ಹಾಕುತ್ತ ಪಕ್ಕಕ್ಕೆ ಸರಿಯುತ್ತದೆ. ಚಿತ್ರಗಳ ನಡುವೆ ಹದಿನೈದು ನಿಮಿಷ ಇದ್ದರೆ ಹೆಜ್ಜೆಯ ಉದ್ದ ಎಂಟು ಆರ್ಕ್‌ಸೆಕೆಂಡಿನಷ್ಟು. ಆ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 0.26 ಆರ್ಕ್‌ಸೆಕೆಂಡ್, ಅಂದರೆ ಪರದೆಯ ಮೇಲೆ ಸರಿಸುಮಾರು ಮೂವತ್ತು ಪಿಕ್ಸೆಲ್ ಜಿಗಿತ.

ಇಲ್ಲಿ ಮೋಸ ಹೋಗಲು ದಾರಿ ಬಹಳ. ಸೆನ್ಸರಿನ ಕೆಟ್ಟ ಪಿಕ್ಸೆಲ್, ಹತ್ತಿರದ ದೊಡ್ಡ ನಕ್ಷತ್ರದ ಬೆಳಕು ಮಸೂರದೊಳಗೆ ಪ್ರತಿಫಲಿಸಿ ಮೂಡಿದ ನೆರಳುಚುಕ್ಕಿ, ಹಿನ್ನೆಲೆಯ ಗದ್ದಲದಲ್ಲಿ ಅಕಸ್ಮಾತ್ ಸಾಲಾಗಿ ಕಂಡ ಮೂರು ಕಲೆ, ಇವೆಲ್ಲ ಕ್ಷುದ್ರಗ್ರಹದ ವೇಷ ಹಾಕುತ್ತವೆ. ಮಕ್ಕಳ ವರದಿಯನ್ನು ನೀವೇ ಒಮ್ಮೆ ತೆಗೆದು ನೋಡಿ. ನಾಲ್ಕೂ ಚಿತ್ರದಲ್ಲಿ ಚುಕ್ಕಿ ಇದೆಯೇ? ನಾಲ್ಕು ಬಿಂದುಗಳು ಒಂದೇ ಗೆರೆಯಲ್ಲಿ ಬರುತ್ತವೆಯೇ, ಹೆಜ್ಜೆ ಸಮವಾಗಿದೆಯೇ? ಚುಕ್ಕಿಯ ಅಗಲ ಅಕ್ಕಪಕ್ಕದ ನಕ್ಷತ್ರಗಳಷ್ಟೇ ಇದೆಯೇ, ಇಲ್ಲಾ ಒಂದೇ ಪಿಕ್ಸೆಲ್ಲಿನಷ್ಟು ಚೂಪಾಗಿದೆಯೇ? ಚೂಪಾಗಿದ್ದರೆ ಅದು ಬಹುತೇಕ ಸೆನ್ಸರಿನ ದೋಷ. ಹೊಳಪು ಚಿತ್ರದಿಂದ ಚಿತ್ರಕ್ಕೆ ಒಂದು ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ವಸ್ತು ಮಂದ) ಹಾರಾಡುತ್ತಿದ್ದರೂ ಅನುಮಾನ ಪಡಬೇಕು. ಹಿನ್ನೆಲೆಯ ಗದ್ದಲಕ್ಕಿಂತ ಚುಕ್ಕಿಯ ಬೆಳಕು ಐದು ಪಟ್ಟಾದರೂ ಮೇಲಿರಬೇಕು. ಮೂರೇ ಚಿತ್ರದಲ್ಲಿ ಕಂಡು ನಾಲ್ಕನೆಯದರಲ್ಲಿ ಮಾಯವಾಗಿದ್ದರೆ ಅಲ್ಲಿ ಸೆನ್ಸರುಗಳ ನಡುವಿನ ಕಪ್ಪು ಸಂದು ಬಂದಿದೆಯೇ ಅಂತ ಹುಡುಕಿ. ಪ್ಯಾನ್‌ಸ್ಟಾರ್ಸ್ ಚಿತ್ರಗಳಲ್ಲಿ ಅಂಥ ಸಂದುಗಳು ಇದ್ದೇ ಇರುತ್ತವೆ. ಈ ಪರೀಕ್ಷೆ ಮಕ್ಕಳಿಂದಲೇ ಮಾಡಿಸಿದರೆ, ತಮ್ಮ ಚುಕ್ಕಿಯನ್ನು ತಾವೇ ನಂಬುವುದಕ್ಕೆ ಅವರಿಗೆ ಆಧಾರ ಸಿಗುತ್ತದೆ.

‘ಪ್ರಿಲಿಮಿನರಿ’ ಅಂದರೆ, ಅಳತೆ ತಾಳೆಯಾಗಿದೆ, ತಿಳಿದಿರುವ ವಸ್ತುಗಳ ಪಟ್ಟಿಯಲ್ಲಿ ಆ ಜಾಗದಲ್ಲಿ ಸದ್ಯಕ್ಕೆ ಯಾವುದೂ ಕಾಣುತ್ತಿಲ್ಲ, ಅಷ್ಟೇ. ಅಲ್ಲಿಂದ ಮುಂದಕ್ಕೆ ಅದು ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿನ ಕೈಗೆ ಹೋಗುತ್ತದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ಇಡೀ ಲೋಕದ ಕ್ಷುದ್ರಗ್ರಹ ಲೆಕ್ಕ ಬರೆಯುವ ಕಚೇರಿ ಅದು. ಒಂದೇ ರಾತ್ರಿ ಕಂಡದ್ದಕ್ಕೆ ಅವರು ಗುರುತು ಕೊಡುವುದಿಲ್ಲ. ಇನ್ನೊಂದು ರಾತ್ರಿಯೂ ಯಾರಾದರೂ ಅಳೆದು, ಎರಡೂ ಒಂದೇ ಅಂತ ಹೊಂದಿಕೆಯಾಗಬೇಕು. ಹೊಂದದ ಅಳತೆಗಳು ಜೊತೆಯಿಲ್ಲದೆ ಒಂದು ಕಡತದಲ್ಲಿ ಕಾಯುತ್ತ ಕೂರುತ್ತವೆ. ಎಷ್ಟೋ ‘ಹೊಸ’ ಚುಕ್ಕಿಗಳು ಹತ್ತು ವರ್ಷದ ಹಿಂದೆ ಯಾರೋ ಕಂಡು ಕಳೆದುಕೊಂಡದ್ದೇ ಎಂದು ಆಮೇಲೆ ತಿಳಿಯುತ್ತದೆ. ಈ ಸಾಧ್ಯತೆಯನ್ನು ಮಕ್ಕಳಿಗೂ ಅವರ ತಂದೆತಾಯಿಗೂ ಈಗಲೇ ಹೇಳಿಟ್ಟುಬಿಡಿ. ಸನ್ಮಾನ ಮುಗಿದ ಮೇಲೆ ತಿಳಿದರೆ ಮಕ್ಕಳ ಮನಸ್ಸಿಗೆ ನೋವಾಗುತ್ತದೆ, ಅವರ ತಪ್ಪೇನೂ ಇರುವುದಿಲ್ಲ.

ಎರಡು ರಾತ್ರಿ ಹೊಂದಿಕೆಯಾದರೆ ತಾತ್ಕಾಲಿಕ ಗುರುತು ಸಿಗುತ್ತದೆ. ಅದನ್ನು ಓದುವ ಕ್ರಮ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಉದಾಹರಣೆಗೆ ಅಪೋಫಿಸ್ ಎಂಬ ಕ್ಷುದ್ರಗ್ರಹದ ಮೊದಲ ಗುರುತು 2004 ಎಂಎನ್4. 2004 ಕಂಡ ವರ್ಷ. ಮೊದಲ ಅಕ್ಷರ ಹದಿನೈದು ದಿನದ ಪಕ್ಷ: ಜನವರಿ 1ರಿಂದ 15 ಎ, 16ರಿಂದ 31 ಬಿ, ಹೀಗೆ ಹೋಗುತ್ತದೆ. 1 ಅಂಕಿಯನ್ನು ಹೋಲುವ ಕಾರಣಕ್ಕೆ ಐ ಅಕ್ಷರ ಬಿಟ್ಟಿದ್ದಾರೆ. ಹಾಗೆ ಎಣಿಸಿದರೆ ಎಂ ಅಂದರೆ ಜೂನ್ 16ರಿಂದ 30. ಎರಡನೇ ಅಕ್ಷರ ಆ ಪಕ್ಷದಲ್ಲಿ ಎಷ್ಟನೆಯದು ಎಂದು ಹೇಳುತ್ತದೆ. ಐ ಬಿಟ್ಟು ಇಪ್ಪತ್ತೈದು ಅಕ್ಷರ ಮುಗಿದ ಮೇಲೆ ಮತ್ತೆ ಎ ಇಂದ ಶುರು, ಎಷ್ಟು ಸುತ್ತು ಮುಗಿದಿದೆ ಅನ್ನುವುದೇ ಕೊನೆಯ ಅಂಕಿ. ಎನ್ ಹದಿಮೂರನೆಯದು, ನಾಲ್ಕು ಸುತ್ತಿಗೆ ನೂರು, ಒಟ್ಟು ಆ ಪಕ್ಷದ 113ನೆಯ ವಸ್ತು. ನಿಮ್ಮ ಹುಡುಗಿಯರದಕ್ಕೆ ಇಂಥ ಗುರುತು ಬಂದ ದಿನ ನೀವು ಸಿಹಿ ಹಂಚಬಹುದು.

ಕಕ್ಷೆ ಗಟ್ಟಿಯಾಗಲು ಯಾಕಿಷ್ಟು ವರ್ಷ

ರಾತ್ರಿ ಊರಾಚೆ ನಿಂತು ಹೈವೇ ಕಡೆ ನೋಡುವಾಗ ಕತ್ತಲಲ್ಲಿ ಒಂದು ದೀಪ ಸರಿಯುತ್ತದೆ. ಅದು ಹತ್ತಿರದ ಬದುವಿನ ಮೇಲೆ ನಿಧಾನವಾಗಿ ಹೋಗುತ್ತಿರುವ ಸೈಕಲ್ಲೋ, ದೂರದಲ್ಲಿ ಜೋರಾಗಿ ಓಡುತ್ತಿರುವ ಲಾರಿಯೋ? ಒಂದು ನಿಮಿಷ ನೋಡಿ ಹೇಳಲಾಗದು. ಒಂದು ಗಂಟೆಯ ನಾಲ್ಕು ಚಿತ್ರಗಳ ಸ್ಥಿತಿಯೂ ಹೀಗೇ. ಆ ನಾಲ್ಕು ಬಿಂದುಗಳ ಮೇಲೆ ಹಾದುಹೋಗುವ ಕಕ್ಷೆಗಳು ಎಣಿಕೆಗೆ ಸಿಗದಷ್ಟಿವೆ.

ಕಕ್ಷೆಯನ್ನು ಹಿಡಿದಿಡಲು ಆರು ಸಂಖ್ಯೆ ಬೇಕು. ಕಕ್ಷೆ ಎಷ್ಟು ದೊಡ್ಡದು, ಎಷ್ಟು ಮೊಟ್ಟೆಯಾಕಾರ, ಭೂಕಕ್ಷೆಯ ಸಮತಲಕ್ಕೆ ಎಷ್ಟು ಓರೆ, ಆ ಸಮತಲವನ್ನು ಎಲ್ಲಿ ದಾಟುತ್ತದೆ, ಸೂರ್ಯನಿಗೆ ಅತಿ ಹತ್ತಿರದ ತುದಿ ಯಾವ ಕಡೆಗಿದೆ, ಇವು ಐದು. ಗೊತ್ತಾದ ಒಂದು ದಿನ ವಸ್ತು ಆ ದಾರಿಯಲ್ಲಿ ಎಲ್ಲಿತ್ತು ಅನ್ನುವುದು ಆರನೆಯದು. ದೊಡ್ಡಸ್ತಿಕೆ ತಿಳಿದರೆ ಸುತ್ತುವ ಕಾಲ ತಾನೇ ಸಿಗುತ್ತದೆ: ಕಕ್ಷೆಯ ಅತಿ ಉದ್ದದ ಅಡ್ಡಳತೆಯ ಅರ್ಧವನ್ನು ಖಗೋಳಮಾನದಲ್ಲಿ ತೆಗೆದುಕೊಂಡು ಘನ ಮಾಡಿ ವರ್ಗಮೂಲ ತೆಗೆದರೆ ವರ್ಷಗಳು. ಮೊಟ್ಟಮೊದಲು ಪತ್ತೆಯಾದ ಕ್ಷುದ್ರಗ್ರಹ ಸೀರೆಸ್‌ಗೆ ಅದು 2.77, ಲೆಕ್ಕ ಮಾಡಿದರೆ 4.6 ವರ್ಷ. ಮಕ್ಕಳಿಗೆ 2.5 ಕೊಟ್ಟು ಲೆಕ್ಕ ಮಾಡಿಸಿ, 3.95 ಬರುತ್ತದೆ. ಗುರುವಿನ 11.86 ವರ್ಷಕ್ಕೆ ಅದು ಸರಿಯಾಗಿ ಮೂರನೇ ಒಂದು ಪಾಲು. ಮೂರು ಸುತ್ತಿಗೊಮ್ಮೆ ಗುರು ಒಂದೇ ಜಾಗದಲ್ಲಿ ಎಳೆದೂ ಎಳೆದೂ ಅಲ್ಲಿದ್ದವನ್ನು ಆಚೆ ತಳ್ಳಿಬಿಟ್ಟಿದ್ದಾನೆ, ಹಾಗಾಗಿ ಪಟ್ಟಿಯಲ್ಲಿ ಅಷ್ಟು ದೂರದಲ್ಲಿ ಒಂದು ಖಾಲಿ ಸಂದು ಇದೆ. ಕರ್ಕ್‌ವುಡ್ ಸಂದು ಅಂತ ಅದರ ಹೆಸರು. ಒಂಬತ್ತನೇ ಕ್ಲಾಸಿನ ಗಣಿತದಲ್ಲೇ ಇಷ್ಟು ದೂರ ಹೋಗಬಹುದು.

ದಾರಿ ತಿಳಿಯದೆ ವಸ್ತು ಕಳೆದುಹೋಗುವುದು ಈ ಶಾಸ್ತ್ರದ ಮೊದಲ ದಿನದಿಂದ ಇರುವ ಸಂಕಟ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಸೀರೆಸ್ ಕಂಡ. ಫೆಬ್ರುವರಿ 11ರವರೆಗೆ ಅಳೆಯುವಷ್ಟರಲ್ಲಿ ಅದು ಸೂರ್ಯನ ಪ್ರಭೆಯೊಳಗೆ ಸೇರಿಕೊಂಡಿತು. ಇಡೀ ಸುತ್ತಿನ ಸಣ್ಣ ಚೂರಷ್ಟೇ ಅವನ ಕೈಲಿತ್ತು. 24 ವರ್ಷದ ಗಣಿತಜ್ಞ ಗೌಸ್ ಅಷ್ಟರಿಂದಲೇ ಕಕ್ಷೆ ಕಟ್ಟುವ ಹೊಸ ವಿಧಾನ ಕಂಡುಹಿಡಿದು, ಅದು ಎಲ್ಲಿ ಹೊರಬರುತ್ತದೆ ಎಂದು ಹೇಳಿದ. ಅದೇ ವರ್ಷದ ಡಿಸೆಂಬರ್ 31ರಂದು ಖಗೋಳಜ್ಞ ಫಾನ್ ಜ಼ಾಕ್‌ಗೆ ಅದು ಹೇಳಿದ ಜಾಗದ ಬಳಿಯೇ ಸಿಕ್ಕಿತು.

ಈಗ ನಿಮ್ಮ ಚುಕ್ಕಿಗೆ ಬರೋಣ. ಮುಖ್ಯ ಪಟ್ಟಿಯ ವಸ್ತು ಚೆನ್ನಾಗಿ ಕಾಣುವುದು ಅದು ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವಾಗ, ಅಂದರೆ ಹೊತ್ತು ಮುಳುಗುವಾಗ ಮೂಡಿ ನಡುರಾತ್ರಿ ನೆತ್ತಿಗೆ ಬರುವ ದಿನಗಳಲ್ಲಿ. ಇದನ್ನು ವಿಯುತಿ ಅನ್ನುತ್ತಾರೆ. ಸೀರೆಸ್‌ನಷ್ಟು ದೂರದಲ್ಲಿರುವುದಕ್ಕೆ ಎರಡು ವಿಯುತಿಗಳ ನಡುವೆ ಸುಮಾರು 15 ತಿಂಗಳು. ಶಾಶ್ವತ ಸಂಖ್ಯೆ ಸಿಗಬೇಕಾದರೆ ಸಾಮಾನ್ಯವಾಗಿ ನಾಲ್ಕಾದರೂ ವಿಯುತಿಗಳಲ್ಲಿ ಅದು ಕಂಡಿರಬೇಕು. ಮೊದಲನೆಯದರಿಂದ ನಾಲ್ಕನೆಯದಕ್ಕೆ ಹತ್ತಿರಹತ್ತಿರ ನಾಲ್ಕು ವರ್ಷ. ಆಮೇಲೆ ಲೆಕ್ಕಪತ್ರದ ಕಾಲ ಬೇರೆ. ಹಳೆಯ ಚಿತ್ರಗಳಲ್ಲಿ ಯಾರಿಗೂ ತಿಳಿಯದೆ ಸೆರೆಯಾಗಿದ್ದರೆ ಬೇಗ ಆಗಬಹುದು. ಒಂಬತ್ತನೇ ಕ್ಲಾಸಿನ ಹುಡುಗಿಯರು ಡಿಗ್ರಿ ಓದುವ ಹೊತ್ತಿಗೆ ಸಂಖ್ಯೆ ಬಂದರೆ ಅದು ಸಕಾಲವೇ.

ಸಂಖ್ಯೆ ಬರುವಾಗಲೇ ಪತ್ತೆ ಯಾರದೆಂದು ಅಧಿಕೃತವಾಗಿ ತೀರ್ಮಾನವಾಗುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲರಿಗಿಂತ ಮೊದಲು ಒಂದು ರಾತ್ರಿ ನೋಡಿದವರಿಗೇ ಪತ್ತೆಯ ಗೌರವ ಸಲ್ಲಬೇಕೆಂದಿಲ್ಲ. ಯಾವ ವಿಯುತಿಯಲ್ಲಿ ಎರಡನೇ ರಾತ್ರಿಯ ಅಳತೆ ಎಲ್ಲಕ್ಕೂ ಮುಂಚೆ ವರದಿಯಾಯಿತು ಅನ್ನುವುದನ್ನು ಹಿಡಿದು ನಿರ್ಧರಿಸುತ್ತಾರೆ. ಆದ್ದರಿಂದ ಇಂದು ನಿಮ್ಮ ಕೈಲಿರುವ ಪಟ್ಟಿ ಹಕ್ಕುಪತ್ರ ಅಲ್ಲ.

ಹೆಸರು

ಸಂಖ್ಯೆ ಬಂದ ಮೇಲೆ ದಾಖಲಾದ ಪತ್ತೆಗಾರರಿಗೆ ಹೆಸರು ಸೂಚಿಸಲು ಹತ್ತು ವರ್ಷದ ಆದ್ಯತೆ ಇರುತ್ತದೆ. ಖಗೋಳ ಒಕ್ಕೂಟದ ನಾಮಕರಣ ಸಮಿತಿ ಒಪ್ಪಿ ತನ್ನ ಬುಲೆಟಿನ್‌ನಲ್ಲಿ ಪ್ರಕಟಿಸಿದಾಗಲಷ್ಟೇ ಅದು ಹೆಸರು. ಇದಕ್ಕೆ ಶುಲ್ಕ ಇಲ್ಲ. ದುಡ್ಡು ತೆಗೆದುಕೊಂಡು ಹೆಸರು ಮಾರುವವರು ಕೊಡುವ ಕಾಗದಕ್ಕೆ ಯಾವ ಖಗೋಳ ಸಂಸ್ಥೆಯಲ್ಲೂ ಬೆಲೆಯಿಲ್ಲ. ಮತ್ತೆ ಫೋನ್ ಬಂದರೆ ‘ಕ್ಷುದ್ರಗ್ರಹದ ಸಂಖ್ಯೆ ಹೇಳಿ, ಮೈನರ್ ಪ್ಲಾನೆಟ್ ಸೆಂಟರಿನ ಜಾಲತಾಣದಲ್ಲಿ ಹುಡುಕುತ್ತೇವೆ’ ಅನ್ನಿ. ಅಧಿಕೃತ ಹೆಸರಾದರೆ ಸಂಖ್ಯೆಯ ಪಕ್ಕದಲ್ಲೇ ಕಾಣುತ್ತದೆ, ಇಲ್ಲವಾದರೆ ಇಲ್ಲ.

ಚಿತ್ರ ತೆಗೆದದ್ದು ಹವಾಯಿಯ ಸಮೀಕ್ಷೆ, ಅಳೆದದ್ದು ನಿಮ್ಮ ಮಕ್ಕಳು. ಹಾಗಾಗಿ ಶಾಲೆಯ ಸೂಚನೆ ಅಭಿಯಾನದವರ ಮೂಲಕವೇ ಹೋಗಬೇಕು. ನೀವು ನೇರವಾಗಿ ಸಮಿತಿಗೆ ಬರೆದರೆ ಅದು ಎಲ್ಲಿಗೂ ತಲುಪುವುದಿಲ್ಲ.

ಹೆಸರಿನ ನಿಯಮಗಳು ಸರಳ. ಸ್ಥಳಾವಕಾಶವೂ ಸೇರಿ 16 ಅಕ್ಷರ ಮೀರಬಾರದು, ಒಂದೇ ಪದವಾದರೆ ಒಳ್ಳೆಯದು, ಉಚ್ಚರಿಸಲು ಬರಬೇಕು, ಯಾರಿಗೂ ನೋವಾಗಬಾರದು, ಈಗಾಗಲೇ ಇರುವ ಹೆಸರಿಗೆ ತೀರಾ ಹತ್ತಿರವಿರಬಾರದು. ವ್ಯಾಪಾರದ ಹೆಸರು ಆಗದು. ರಾಜಕೀಯ ಅಥವಾ ಸೈನಿಕ ಕಾರಣಕ್ಕೆ ಮುಖ್ಯವಾಗಿ ಪ್ರಸಿದ್ಧರಾದವರ ಹೆಸರಾದರೆ ಅವರು ತೀರಿಕೊಂಡು ನೂರು ವರ್ಷ ಕಳೆದಿರಬೇಕು. ನಿಮ್ಮ ಮಾಜಿ ಶಾಸಕರ ಹೆಸರು ಇಲ್ಲಿಗೇ ನಿಲ್ಲುತ್ತದೆ. ಎಸ್‌ಡಿಎಂಸಿ ಸಭೆಯಲ್ಲಿ ಈ ನಿಯಮವನ್ನೇ ಓದಿ ಹೇಳಿ, ಯಾರ ಮನಸ್ಸಿಗೂ ನೋವಾಗದೆ ಮಾತು ಮುಗಿಯುತ್ತದೆ. ಜಾಗ ಕೊಟ್ಟವರ ಉಪಕಾರ ದೊಡ್ಡದು, ಅದಕ್ಕೆ ಶಾಲೆಯ ಒಂದು ಕೊಠಡಿಗೆ ಅವರ ಹೆಸರಿಡಬಹುದು.

ಊರಿನ ಹೆಸರಿಗೆ ಅಡ್ಡಿಯಿಲ್ಲ. ಮಕ್ಕಳಿಂದ ಈಗಲೇ ಹೆಸರುಗಳ ಪಟ್ಟಿ ಮಾಡಿಸಿ. ಅಕ್ಷರ ಎಣಿಸುವುದು ಇಂಗ್ಲಿಷ್ ಲಿಪಿಯಲ್ಲಿ ಎಂಬುದನ್ನು ಮರೆಯಬೇಡಿ. ಚಿತ್ರದುರ್ಗ ಹನ್ನೊಂದು ಅಕ್ಷರ, ದಾವಣಗೆರೆ ಹತ್ತು. ಒನಕೆ ಓಬವ್ವನನ್ನು ಒಂದೇ ಪದವಾಗಿ ಬರೆದರೆ ಹನ್ನೊಂದು. ಕಾಳಗದ ಹೆಸರಾದರೂ 18ನೇ ಶತಮಾನದವಳಾದ್ದರಿಂದ ನೂರು ವರ್ಷದ ನಿಯಮ ದಾಟುತ್ತಾಳೆ. ಮದಕರಿನಾಯಕ ಹದಿನಾಲ್ಕು. ಹಿರಿಯೂರಿನ ವಾಣಿವಿಲಾಸಸಾಗರ ಬಿಡಿಸಿ ಬರೆದರೆ ಹದಿನೆಂಟಾಗಿ ಬಿದ್ದುಹೋಗುತ್ತದೆ, ಕೂಡಿಸಿ ಬರೆದರೆ ಸರಿಯಾಗಿ ಹದಿನಾರು. ಪ್ರತಿ ಹೆಸರನ್ನೂ ಮೊದಲು ದಾಖಲೆಯಲ್ಲಿ ಹುಡುಕಿ ನೋಡಿ, ಬೇರೆ ಯಾರಾದರೂ ಇಟ್ಟಿರಬಹುದು. ಹೆಸರಿನ ಜೊತೆಗೆ ಯಾಕೆ ಈ ಹೆಸರು ಎಂದು ಎರಡು ಮೂರು ಸಾಲಿನ ವಿವರಣೆ ಕಡ್ಡಾಯ. ಅದನ್ನು ಹುಡುಗಿಯರೇ ಬರೆಯಲಿ.

ನಮ್ಮ ದೇಶದ ಹೆಸರುಗಳು ಅಲ್ಲಿ ಬಹಳ ಇವೆ. 1861ರ ಏಪ್ರಿಲ್ 17ರಂದು ಮದರಾಸು ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಕಂಡ 67ನೆಯದಕ್ಕೆ ಏಷ್ಯಾ ಎಂದೇ ಹೆಸರು, ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಅದೇ ಮದರಾಸಿನಿಂದ 1885ರಲ್ಲಿ ವೆರಾ ಸಿಕ್ಕಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕಳೆದು, 1988ರಲ್ಲಿ ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಅವರು ಕಂಡದ್ದಕ್ಕೆ 4130 ರಾಮಾನುಜನ್ ಎಂದು ಹೆಸರಾಯಿತು. 51826 ಕಲ್ಪನಾಚಾವ್ಲಾ ಇದೆ, 4538 ವಿಶಿಆನಂದ್ ಇದೆ. 300128 ಪಂಡಿತ್‌ಜಸರಾಜ್‌ನ ಸಂಖ್ಯೆಯನ್ನು ನೋಡಿ, ಅವರು ಹುಟ್ಟಿದ್ದು 28-01-30, ಅದನ್ನೇ ಹಿಂದುಮುಂದು ಮಾಡಿದರೆ ಸಂಖ್ಯೆ ಸಿಗುತ್ತದೆ.

ಪತ್ರಿಕೆಯಲ್ಲಿ ಆಗಾಗ ‘ವಿದ್ಯಾರ್ಥಿಯ ಹೆಸರು ಕ್ಷುದ್ರಗ್ರಹಕ್ಕೆ’ ಅನ್ನುವ ಸುದ್ದಿ ಬರುತ್ತದಲ್ಲ, ಅದು ಬೇರೆ ದಾರಿ. ಎಂಐಟಿಯ ಲಿಂಕನ್ ಪ್ರಯೋಗಾಲಯದವರು ತಮ್ಮ ಲೀನಿಯರ್ ಸಮೀಕ್ಷೆ ಕಂಡ ಕ್ಷುದ್ರಗ್ರಹಗಳಿಗೆ ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಗೆದ್ದ ಹೈಸ್ಕೂಲ್ ಮಕ್ಕಳ ಹೆಸರಿಟ್ಟಿದ್ದಾರೆ, ಭಾರತದವರೂ ಅದರಲ್ಲಿದ್ದಾರೆ. ಆ ಮಕ್ಕಳು ಕ್ಷುದ್ರಗ್ರಹ ಹುಡುಕಿದವರಲ್ಲ, ಬೇರೆ ಬೇರೆ ಪ್ರಾಜೆಕ್ಟಿಗೆ ಬಹುಮಾನ ಪಡೆದವರು. ಎರಡನ್ನೂ ಕಲಸಿಕೊಂಡರೆ ನಿಮ್ಮ ಊರಲ್ಲಿ ಸುಳ್ಳು ನಿರೀಕ್ಷೆ ಹುಟ್ಟುತ್ತದೆ.

ನಿಮ್ಮ ಎಂಟು ಇಂಚು

ಹೊಸ ಕ್ಷುದ್ರಗ್ರಹ ಹುಡುಕುವುದಕ್ಕೆ ಅದು ಸಾಲದು. ಈಗ ಹೊಸದಾಗಿ ಸಿಗುತ್ತಿರುವ ಮುಖ್ಯ ಪಟ್ಟಿಯ ವಸ್ತುಗಳು ಹೆಚ್ಚಿನಂಶ 21ನೇ ಮ್ಯಾಗ್ನಿಟ್ಯೂಡಿಗಿಂತ ಮಂದ. ಎಂಟು ಇಂಚಿಗೆ ಒಳ್ಳೆಯ ಕ್ಯಾಮೆರಾ ಹಾಕಿ, ಹಲವು ಚಿತ್ರ ಕೂಡಿಸಿದರೂ 19ರ ಸುತ್ತಮುತ್ತ ನಿಲ್ಲುತ್ತದೆ. ಎರಡೂವರೆ ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಬೆಳಕು ಹತ್ತು ಪಟ್ಟು ಕಡಿಮೆ. ಇನ್ನು ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ 8.4 ಮೀಟರ್ ಕನ್ನಡಿ 2025ರ ಜೂನ್‌ನಲ್ಲಿ ಮೊದಲ ಚಿತ್ರ ಬಿಡುಗಡೆ ಮಾಡಿದಾಗ, ಸುಮಾರು ಹತ್ತು ಗಂಟೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹ ಕಂಡಿದ್ದಾಗಿ ಹೇಳಿತು. ಅದರೊಂದಿಗೆ ಪೈಪೋಟಿಗೆ ಮಕ್ಕಳನ್ನು ಇಳಿಸಬೇಡಿ.

ಆದರೆ ಕಂಡದ್ದನ್ನು ಮತ್ತೆ ಮತ್ತೆ ಅಳೆಯುವ ಕೆಲಸ ಎಂಟು ಇಂಚಿಗೆ ಸಲೀಸು. ನಮ್ಮ ಜಿಲ್ಲೆಗೆ ಇದರಲ್ಲಿ ಒಂದು ಅನುಕೂಲ ಇದೆ. ನಾವಿರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕ್ಷುದ್ರಗ್ರಹಗಳು ದಟ್ಟವಾಗಿರುವ ಕ್ರಾಂತಿವೃತ್ತ (ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿ) ಡಿಸೆಂಬರ್ ನಡುರಾತ್ರಿ ನಮಗೆ 80 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಮೇಲೆ ಇರುತ್ತದೆ. ಜೂನ್‌ನಲ್ಲೂ 52 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಲಂಡನ್ನಿನವರಿಗೆ ಆಗ ಸಿಗುವುದು ಬರೀ ಹದಿನೈದು ಹದಿನಾರು. ಜೂನ್‌ನಿಂದ ಅಕ್ಟೋಬರ್ ಮೋಡದ ಕಾಟ, ನವೆಂಬರ್‌ನಿಂದ ಮಾರ್ಚ್ ನಮ್ಮ ಸುಗ್ಗಿ. ಚಳ್ಳಕೆರೆ ಸೀಮೆಗೆ ಮಳೆ ಕಮ್ಮಿ ಅನ್ನುವ ಕೊರಗು ಇಲ್ಲಿ ಮಾತ್ರ ವರವಾಗುತ್ತದೆ. ಶೇಂಗಾ ಒಕ್ಕಣೆಯ ದೂಳು ಎದ್ದಿರುವ ದಿನಗಳಲ್ಲಿ ಕನ್ನಡಿಗೆ ಮುಚ್ಚಳ ಹಾಕಿಡಿ, ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಇರುವ ದಿಕ್ಕು ತಪ್ಪಿಸಿ.

ಮೊದಲು ಸ್ಟ್ಯಾಂಡ್ ಯಾವುದೆಂದು ನೋಡಿ. ಕೈಯಲ್ಲಿ ತಳ್ಳುವ ಡಾಬ್ಸೋನಿಯನ್ ಆದರೆ ಕಣ್ಣಿಗೆ ನೋಡಲಷ್ಟೇ ಸರಿ. ಅಳತೆಗೆ ಧ್ರುವಕ್ಕೆ ಹೊಂದಿಸಿ ಮೋಟಾರಿನಲ್ಲಿ ತಿರುಗುವ ಸ್ಟ್ಯಾಂಡ್ ಮತ್ತು ಕಪ್ಪುಬಿಳುಪಿನ ಖಗೋಳ ಕ್ಯಾಮೆರಾ ಬೇಕು. ಇವುಗಳ ಖರ್ಚು ಟೆಲಿಸ್ಕೋಪನ್ನೇ ಮೀರುತ್ತದೆ, ಕೊಂಡು ಮೂಲೆಯಲ್ಲಿ ಬಿದ್ದಿರುವ ಶಾಲೆಗಳೂ ಇವೆ. ಹಾಗಾಗಿ ಇನ್ನೆರಡು ಅಭಿಯಾನದಲ್ಲಿ ಮಕ್ಕಳು ಉತ್ಸಾಹ ಉಳಿಸಿಕೊಂಡರೆ ಮಾತ್ರ ದಾನಿಗಳನ್ನು ಕೇಳಿ.

ಪಿಕ್ಸೆಲ್ಲಿನ ಲೆಕ್ಕ ಹೀಗೆ: 206 ಅನ್ನು ಪಿಕ್ಸೆಲಿನ ಮೈಕ್ರಾನ್ ಅಳತೆಯಿಂದ ಗುಣಿಸಿ, ಟೆಲಿಸ್ಕೋಪಿನ ನಾಭಿದೂರದ ಮಿಲಿಮೀಟರಿನಿಂದ ಭಾಗಿಸಿ. 1,000 ಮಿ.ಮೀ. ನಾಭಿದೂರಕ್ಕೆ 3.76 ಮೈಕ್ರಾನ್ ಪಿಕ್ಸೆಲ್ ಆದರೆ 0.78 ಆರ್ಕ್‌ಸೆಕೆಂಡ್. ಗಾಳಿಯ ಅಲುಗಾಟದಲ್ಲಿ ನಕ್ಷತ್ರ ಮೂರು ಆರ್ಕ್‌ಸೆಕೆಂಡ್ ಹರಡುವ ನಮ್ಮ ಬಯಲಿಗೆ ಇದು ಸಾಕು. ಅರವತ್ತು ಸೆಕೆಂಡಿನ ಚಿತ್ರದಲ್ಲಿ ಕ್ಷುದ್ರಗ್ರಹ ಅರ್ಧ ಆರ್ಕ್‌ಸೆಕೆಂಡ್ ಸರಿಯುತ್ತದೆ, ಗೆರೆ ಎಳೆದಂತೆ ಕಾಣುವುದಿಲ್ಲ. ಸಂಖ್ಯೆ ಪಡೆದ, 14ರಿಂದ 17 ಮ್ಯಾಗ್ನಿಟ್ಯೂಡಿನ ಕೆಲವನ್ನು ಆರಿಸಿ, ಒಂದೊಂದನ್ನೂ ಇಪ್ಪತ್ತು ನಿಮಿಷ ಬಿಟ್ಟು ಮೂರು ನಾಲ್ಕು ಸಲ, ಎರಡು ರಾತ್ರಿ ಅಳೆಯಿರಿ. ಲೆಕ್ಕದ ಜಾಗಕ್ಕೂ ನಿಮ್ಮ ಅಳತೆಗೂ ಒಂದು ಆರ್ಕ್‌ಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ ಬಂದರೆ, ಶಾಲೆಯ ಅಕ್ಷಾಂಶ ರೇಖಾಂಶ ಎತ್ತರದ ಜೊತೆ ಮೈನರ್ ಪ್ಲಾನೆಟ್ ಸೆಂಟರಿಗೆ ಕಳಿಸಿ ವೀಕ್ಷಣಾಲಯದ ಮೂರಕ್ಷರದ ಕೋಡ್ ಕೇಳಬಹುದು.

ಎಲ್ಲರೂ ಎಡವುವುದು ವೇಳೆಯಲ್ಲಿ. ವರದಿ ಬರೆಯುವುದು ಜಾಗತಿಕ ಸಮಯದಲ್ಲಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಜನವರಿ 15ರ ಬೆಳಗಿನ ಜಾವ ಎರಡು ಗಂಟೆ ಅಲ್ಲಿ ಜನವರಿ 14ರ ರಾತ್ರಿ 8.30, ದಶಮಾಂಶದಲ್ಲಿ 14.85417. ತಾರೀಖು ಒಂದು ದಿನ ತಪ್ಪಿದರೆ ಕ್ಷುದ್ರಗ್ರಹ ಚಂದ್ರನ ಅರ್ಧ ಅಗಲದಷ್ಟು ಬೇರೆ ಕಡೆ ಇರಬೇಕಾಗುತ್ತದೆ, ವರದಿ ತಿರಸ್ಕೃತ. ಲ್ಯಾಪ್‌ಟಾಪಿನ ಗಡಿಯಾರವನ್ನು ಪ್ರತಿ ರಾತ್ರಿ ಇಂಟರ್‌ನೆಟ್ಟಿಗೆ ಹೊಂದಿಸಿ. ಮುಖ್ಯ ಪಟ್ಟಿಗೆ ಹತ್ತು ಸೆಕೆಂಡ್ ತಪ್ಪು ಗೊತ್ತೇ ಆಗುವುದಿಲ್ಲ, ಭೂಮಿಗೆ ಹತ್ತಿರದ್ದಕ್ಕೆ ಅದೇ ತಪ್ಪು ಇಡೀ ಅಳತೆ ಕೆಡಿಸುತ್ತದೆ.

ಅದೇ ಕ್ಯಾಮೆರಾದಲ್ಲಿ ಹೊಳಪಿನ ಏರಿಳಿತ ಅಳೆದು ಕ್ಷುದ್ರಗ್ರಹ ಎಷ್ಟು ಗಂಟೆಗೊಮ್ಮೆ ತಿರುಗುತ್ತದೆ ಎಂದೂ ಹೇಳಬಹುದು. ಇನ್ನೂರು ಮುನ್ನೂರು ಮೀಟರಿಗಿಂತ ದೊಡ್ಡವು ಸಾಮಾನ್ಯವಾಗಿ 2.2 ಗಂಟೆಗಿಂತ ಬೇಗ ತಿರುಗುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಸಡಿಲ ಕಲ್ಲುರಾಶಿ, ಅದಕ್ಕಿಂತ ಜೋರಾದರೆ ಚದುರಿಹೋಗುತ್ತವೆ.

ಕ್ಯಾಮೆರಾ ಇಲ್ಲದಿದ್ದರೂ ಒಂದು ಕೆಲಸ ಮಾಡಬಹುದು. ವೆಸ್ಟಾ ಎಂಬ ಕ್ಷುದ್ರಗ್ರಹ ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ವಿಯುತಿಗೆ ಬಂದಾಗ 6ನೇ ಮ್ಯಾಗ್ನಿಟ್ಯೂಡಿನ ಹತ್ತಿರ ಬೆಳಗುತ್ತದೆ, 10×50 ದುರ್ಬೀನಿಗೆ ಧಾರಾಳ. ನಕ್ಷೆ ನೋಡಿ ಜಾಗ ಹಿಡಿದು, ಮೂರು ರಾತ್ರಿ ಸುತ್ತಲ ನಕ್ಷತ್ರಗಳ ಜೊತೆ ಪೆನ್ಸಿಲ್ಲಿನಲ್ಲಿ ಬರೆಸಿ. ಹಾಳೆಗಳನ್ನು ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿದರೆ, ಸರಿದದ್ದು ಯಾವುದೆಂದು ಅಜ್ಜಿಗೂ ಕಾಣುತ್ತದೆ.

ಫ್ಲೆಕ್ಸ್‌ನಲ್ಲಿ ಹೀಗೆ ಬರೆಸಿ: ‘ಅಂತರರಾಷ್ಟ್ರೀಯ ಕ್ಷುದ್ರಗ್ರಹ ಹುಡುಕಾಟ ಅಭಿಯಾನದಲ್ಲಿ ನಮ್ಮ ಶಾಲೆಯ ನಾಲ್ವರು ವಿದ್ಯಾರ್ಥಿನಿಯರ ಎರಡು ಅಳತೆಗಳು ಪ್ರಾಥಮಿಕ ಪಟ್ಟಿಗೆ ಸೇರಿವೆ.’ ಹೊಸ ಗ್ರಹ ಅನ್ನುವ ಮಾತು ಬೇಡ. ನಾಲ್ವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿರಲಿ. ಮೂಲ ವರದಿಯ ಕಡತ, ನಾಲ್ಕು ಚಿತ್ರ, ಅಭಿಯಾನದವರ ಪತ್ರ, ಮೂರನ್ನೂ ಪೆನ್‌ಡ್ರೈವಿಗೆ ಹಾಕಿ ಒಂದು ಪ್ರತಿ ಶಾಲೆಯ ದಾಖಲೆಯಲ್ಲಿಡಿ, ಒಂದೊಂದು ಪ್ರತಿ ನಾಲ್ಕೂ ಮನೆಗೆ ಕೊಡಿ. ಅಭಿಯಾನಕ್ಕೆ ಕೊಟ್ಟಿರುವ ಇ-ಮೇಲ್ ನಿಮ್ಮ ಸ್ವಂತದ್ದಾಗಿದ್ದರೆ ಶಾಲೆಯದಕ್ಕೆ ಬದಲಿಸಿಕೊಳ್ಳಿ. ಸಂಖ್ಯೆ ಬಂದ ಸುದ್ದಿ ಐದಾರು ವರ್ಷದ ಮೇಲೆ ಬಂದಾಗ ನಿಮಗೆ ಬೇರೆ ಊರಿಗೆ ವರ್ಗವಾಗಿರಬಹುದು.